ಮೇಲಿನ ದೀಪದ ಬಣ್ಣ

ಹತ್ತೊಂಬತ್ತು ವರ್ಷ ಆಲ್ದೂರಿನಾಚೆಯ ತೋಟದ ಜೀಪು ಓಡಿಸಿದೆ,
ಲೈಸೆನ್ಸು ಕೇಳಿದವರಿಲ್ಲ. ಗೇಟಿನೊಳಗೆ
ಸಾಹುಕಾರರ ಮಾತೇ ಕಾನೂನು,
ಕಾಡುಕೋಣವೇ ಟ್ರಾಫಿಕ್ ಪೊಲೀಸು.
ಜೀಪು ಗುಜರಿಗೆ ಹೋದ ದಿನ ಖಲಂದರ್ ಹೇಳಿದ:
ಟ್ಯಾಕ್ಸಿ ಹಿಡಿ ಸೇಸಪ್ಪ, ಭಾನುವಾರ ಗಿರಿಗೆ ಹೋಗುವವರಿಗೆ
ಗಾಡಿಯೇ ಸಿಗುವುದಿಲ್ಲ. ಮೊದಲು ಬ್ಯಾಡ್ಜು ತಗೋ.

ತಗೋ ಅನ್ನಲು ಅದೇನು ಸಂತೆಯ ಸೊಪ್ಪೇ?
ಆಧಾರ್ ಜೆರಾಕ್ಸು, ನಾಲ್ಕು ಫೋಟೋ,
ಇವನ ಮೇಲೆ ಕೇಸಿಲ್ಲ ಎಂದು ಠಾಣೆಯ ಚೀಟಿ.
ಶಾಲೆಯ ಟೀಸಿ ಈಗ ಬೇಡವಂತೆ, ಬದುಕಿದೆ.
ಹುಟ್ಟಿದ ದಿನ? ಅಮ್ಮ ಹೇಳಿದ್ದು ಇಷ್ಟೇ:
ಹಳ್ಳದ ಸಂಕ ಕೊಚ್ಚಿಹೋದ ವರ್ಷ.
ಕಂಪ್ಯೂಟರಿಗೆ ಅದು ಸಾಲದು.
ಜನವರಿ ಒಂದು ಹಾಕಲಾ ಅಂದರು, ಹಾಕಿ ಅಂದೆ.

ಮೂವತ್ತು ದಿನ, ಕೆಂಪು ಎಂದು ಎಲ್ಲರೂ ಹೇಳುವ ಎಲ್ ಅಂಟಿಸಿಕೊಂಡು,
ಮೀಸೆ ಚಿಗುರದ ಹುಡುಗನೊಬ್ಬ ಪಕ್ಕದಲ್ಲಿ ಕೂತು
ಕ್ಲಚ್ಚು ಅಂಕಲ್, ಕ್ಲಚ್ಚು ಎನ್ನುವುದನ್ನು ಕೇಳಿದೆ.
ಟ್ರ್ಯಾಕಿನಲ್ಲಿ ಎಂಟು ಬರೆಯಬೇಕು.
ನನಗೆ ಗೊತ್ತಿದ್ದ ಎಂಟುಗಳೆಲ್ಲ ಪ್ರಪಾತದ ಅಂಚಿನವು;
ಸಪಾಟು ನೆಲದಲ್ಲಿ, ನಾಲ್ಕು ಕಂಬಗಳ ನಡುವೆ,
ಕೈ ನಡುಗಿತು. ರಿವರ್ಸಿನಲ್ಲಿ ಒಂದು ಕಂಬ ಬಿತ್ತು.
ಏಳು ದಿನ ಬಿಟ್ಟು ಬಾ.
ಹೋದೆ. ಈ ಸಲ ಏನೂ ಬೀಳಲಿಲ್ಲ.

ಉಳಿದದ್ದು ಕಣ್ಣು.
ಡಾಕ್ಟರಮ್ಮ ಪುಸ್ತಕ ತೆರೆದರು, ತುಂಬ ಚುಕ್ಕಿ.
ಇದರಲ್ಲಿ ಯಾವ ಅಂಕಿ?
ಚುಕ್ಕಿಗಳು, ಅಮ್ಮ.
ಹಾಳೆ ತಿರುವಿದರು. ಇದರಲ್ಲಿ?
ಚುಕ್ಕಿಗಳೇ.

ಒಂಬತ್ತು ವರ್ಷದವನಿದ್ದಾಗ
ಅಮ್ಮನ ಸಾಲಿನಲ್ಲೇ ಕಾಫಿ ಹಣ್ಣು ಕುಯ್ಯುತ್ತಿದ್ದೆ.
ಸಂಜೆ ಕಣದಲ್ಲಿ ರೈಟರು ನನ್ನ ಬುಟ್ಟಿ ಬೋರಲು ಹಾಕಿ
ಅರ್ಧಕ್ಕರ್ಧ ಕಾಯಿ, ಕಣ್ಣಿಲ್ಲವೇನೋ ಎಂದು
ಅಮ್ಮನ ಕೂಲಿಯಲ್ಲಿ ಎರಡು ರೂಪಾಯಿ ಹಿಡಿದಿದ್ದರು.
ಅಮ್ಮ ಬೈಯಲಿಲ್ಲ. ರಾತ್ರಿ ಚಿಮಣಿ ಆರಿಸಿ
ಕತ್ತಲಲ್ಲಿ ನನ್ನ ಅಂಗೈಗೆ ಎರಡನ್ನಿಟ್ಟಳು: ಹಿಚುಕು.
ಬಿಟ್ಟುಕೊಡುವುದು ಹಣ್ಣು, ಹಟ ಹಿಡಿಯುವುದು ಕಾಯಿ.
ಮರುದಿನದಿಂದ ಬೆರಳಲ್ಲಿ ನೋಡಿದೆ.
ಅದಕ್ಕೊಂದು ಹೆಸರಿದೆ, ಪುಸ್ತಕವಿದೆ ಎಂದು
ಯಾರಿಗೆ ಗೊತ್ತಿತ್ತು.

ಡಾಕ್ಟರಮ್ಮ ಕಿಟಕಿಗೆ ಕರೆದರು. ಕೆಳಗೆ ಸಿಗ್ನಲ್ಲು.
ಯಾವುದು ಉರೀತಾ ಇದೆ?
ಮೇಲಿನದು.
ಅದರ ಬಣ್ಣ?
ನಿಲ್ಲು.
ಬಣ್ಣ ಕೇಳಿದೆ, ಸೇಸಪ್ಪ.
ಅದೇ ಅಮ್ಮ. ಅದರ ಬಣ್ಣ ನಿಲ್ಲು.

ಅವರು ನಗಲಿಲ್ಲ. ಕತ್ತಲೆ ಕೋಣೆಗೆ ಕರೆದೊಯ್ದು
ಸಾಸಿವೆಯಷ್ಟು ದೀಪಗಳನ್ನು ಒಂದೊಂದೇ ಉರಿಸಿದರು.
ಹದಿನೈದರಲ್ಲಿ ಹನ್ನೆರಡು ಸರಿ.
ಪೂರ್ತಿ ಕುರುಡಲ್ಲ, ಮಸುಕು, ಓಡಿಸಬಹುದು
ಎಂದು ಬರೆದು ಸೀಲು ಒತ್ತಿದರು.
ಶಾಯಿ ನೇರಳೆಯಂತೆ. ಇರಬಹುದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ.
ಅವಳ ಹೆಸರೇ ಗುಲಾಬಿ.
ತುಸು ಹೊತ್ತು ಮಾತಿಲ್ಲ. ಆಮೇಲೆ,
ಹಾಗಾದರೆ ನನ್ನ ಧಾರೆ ಸೀರೆ? ಅದು ನಿಮಗೆ ಹೇಗೆ ಕಂಡಿತ್ತು?
ತುಂಬ ಚೆನ್ನಾಗಿತ್ತು ಅಂದೆ.
ಸುಳ್ಳಲ್ಲ. ಅವಳು ನಂಬಲೂ ಇಲ್ಲ, ಬಿಡಲೂ ಇಲ್ಲ.

ಬ್ಯಾಡ್ಜು ಬಂತು. ಹಳೆಯ ಗಾಡಿಗೆ ಹೊಸ ಹಲಗೆ:
ಕೆಎ ಹದಿನೆಂಟು, ಹಳದಿಯ ಮೇಲೆ ಕಪ್ಪು.
ಹಳದಿಯೊಂದೇ ನನಗೆ ಎಂದೂ ಮೋಸ ಮಾಡಿದ್ದಿಲ್ಲ.
ಖಾಕಿ ಬಟ್ಟೆ ನಾನೇ ಆರಿಸಿ, ನಾನೇ ಹೊಲಿಸಿ,
ಇಸ್ತ್ರಿ ಮುರಿಯದ ಹಾಗೆ ಸ್ಟ್ಯಾಂಡಿಗೆ ಹೋದೆ.
ಖಲಂದರ್ ಮೇಲಿಂದ ಕೆಳಗೆ ನೋಡಿ:
ಇದೇನು ಮಾರಾಯ, ಹಸಿರಂಗಿ? ಫಾರೆಸ್ಟ್ ಗಾರ್ಡ್ ಆದೆಯಾ?

ಉತ್ತರಕ್ಕೆ ಪುರುಸೊತ್ತಿರಲಿಲ್ಲ. ನಾಲ್ಕು ಜನ ಹತ್ತಿ ಕೂತಿದ್ದರು.
ಕೈಮರ ದಾಟಿದ ಮೇಲೆ ಒಬ್ಬರ ಮಾತೂ ಇಲ್ಲ.
ಮಂಜು ಇಳಿದಿತ್ತು.
ಮಂಜಿನಲ್ಲಿ ಎಲ್ಲರಿಗೂ ನನ್ನದೇ ಕಣ್ಣು.